ಬಾವಿಯಲ್ಲಿ ಆಡಿದ ಮಾತು

ನಮ್ಮ ಭಾವನಿಗೆ ಬೆಂಚಿನವರು ಇಟ್ಟ ಹೆಸರು ‘ಹೂಂ ಅಣ್ಣ’. ಯಾರು ಏನು ಹೇಳಿದರೂ ಅವರ ಬಾಯಿಂದ ಬರುತ್ತಿದ್ದದ್ದು ಅದೊಂದೇ. ಗೆಲ್ಲುತ್ತೇವೆ ಅಂದರೂ ಹೂಂ, ಸೋಲುತ್ತೇವೆ ಅಂದರೂ ಹೂಂ. ಒಂದು ಹೂಂಗೂ ಇನ್ನೊಂದಕ್ಕೂ ವ್ಯತ್ಯಾಸ ಇದೆ ಎಂದು ನನ್ನ ಅಕ್ಕ, ಅಂದರೆ ಅವರ ಹೆಂಡತಿ, ಹೇಳುತ್ತಿದ್ದಳು. ಹತ್ತೊಂಬತ್ತು ವರ್ಷ ಜೊತೆಗೆ ಬಾಳಿದವಳಿಗೆ ಅದು ಕೇಳಿಸುತ್ತಿತ್ತೋ ಏನೋ, ನಮಗೆ ಕೇಳಿಸುತ್ತಿರಲಿಲ್ಲ.

ಬೆಂಚು ಅಂದರೆ ಟೈಲರ್ ಅಂಗಡಿಯ ಮರದ ಬೆಂಚು. ಅಳತೆ ಕೊಡಲು ಬಂದವರು ಕೂರಲಿ ಎಂದು ಹಾಕಿಸಿದ್ದು. ಆದರೆ ಸಂಜೆ ಐದೂವರೆಯಾದರೆ ಗಿರಾಕಿಗಳು ನಿಂತೇ ಇರಬೇಕಿತ್ತು, ಬೆಂಚು ನಮ್ಮದಾಗಿಬಿಡುತ್ತಿತ್ತು. ನಾವು ಅಂದರೆ ಸಿಟಿ ಬಸ್ಸಿನ ಕಂಡಕ್ಟರ್ ಆದ ನಾನು, ರಿಟೈರಾದ ಡ್ರಿಲ್ ಮೇಷ್ಟ್ರು, ಲಿಫ್ಟ್ ರಿಪೇರಿಯ ನಮ್ಮ ಭಾವ, ಮತ್ತೆ ಮಷಿನ್ ತುಳಿಯುತ್ತಲೇ ನಡುವೆ ಬಾಯಿ ಹಾಕುವ ಟೈಲರ್. ಗಿರಣಿ ಟೀಮಿನ ಆಟಗಾರರ ಬನಿಯನ್ನಿಗೆ ನಂಬರ್ ಹೊಲಿಯುತ್ತಿದ್ದವನು ಅವನೇ, ಹಾಗಾಗಿ ಟೀಮಿನ ವಿಷಯದಲ್ಲಿ ತನ್ನ ಮಾತಿಗೆ ಒಂದು ತೂಕ ಜಾಸ್ತಿ ಎಂದು ಅವನ ಲೆಕ್ಕ. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದರ ಬ್ಯಾಸ್ಕೆಟ್‌ಬಾಲ್ ಟೀಮು ಮಾತ್ರ ಹೇಗೋ ಉಳಿದುಕೊಂಡಿತ್ತು.

ಆ ವರ್ಷ ಎಂಟು ಟೀಮುಗಳ ಲೀಗಿನಲ್ಲಿ ಏದುಸಿರು ಬಿಟ್ಟುಕೊಂಡು ನಾಲ್ಕನೇ ಸ್ಥಾನಕ್ಕೆ ಬಂದು, ಹದಿನೇಳು ವರ್ಷದ ಮೇಲೆ ಪ್ಲೇಆಫ್ ಮುಟ್ಟಿದೆವು. ಎದುರಿಗೆ ಮೊದಲ ಸ್ಥಾನದ ಬಂದರು ಟೀಮು. ಮೂರು ಪಂದ್ಯದಲ್ಲಿ ಎರಡು ಗೆದ್ದವರು ಫೈನಲ್‌ಗೆ. ಅವರ ಕ್ರೀಡಾಂಗಣದ ಛಾವಣಿ ರಿಪೇರಿಯಲ್ಲಿದ್ದ ಕಾರಣ ಮೂರೂ ಪಂದ್ಯ ನಮ್ಮಲ್ಲೇ.

“ನಮ್ಮ ನೆಲ, ನಮ್ಮ ಜನ. ಅರ್ಧ ಗೆದ್ದಂಗೆ,” ಎಂದ ಟೈಲರ್.

“ನೆಲ ಬಂದು ಬಾಲ್ ಹಾಕುತ್ತೇನಯ್ಯಾ?” ಎಂದರು ಮೇಷ್ಟ್ರು. “ಅವರ ಸೆಂಟರ್ ನೋಡಿದ್ದೀಯಾ? ಕೈ ಎತ್ತಿದರೆ ರಿಂಗಿಗೆ ಒಂದು ಗೇಣು ಕಮ್ಮಿ. ನಮ್ಮ ಹನ್ನೊಂದನೇ ನಂಬರ್ ಅವನ ಮುಂದೆ ಸ್ಟೂಲ್ ಹಾಕ್ಕೊಂಡು ನಿಲ್ಲಬೇಕು.”

“ಏಳನೇ ನಂಬರ್ ಇದ್ದಾನಲ್ಲ ಮೇಷ್ಟ್ರೇ. ದೂರದಿಂದ ಹಾಕಿದರೆ ಸೆಂಟರ್ ಏನು ಮಾಡ್ತಾನೆ?” ಎಂದೆ ನಾನು. “ಅಲ್ವಾ ಭಾವ?”

“ಹೂಂ,” ಎಂದರು ಭಾವ.

ಅವರು ಯಾಕೆ ಹಾಗೆ ಎಂಬುದು ನನಗೆ ಗೊತ್ತಿತ್ತು. ಚಿಕ್ಕಂದಿನಿಂದ ಉಗ್ಗು. ಶಾಲೆಯಲ್ಲಿ ಎದ್ದು ನಿಂತು ಪಾಠ ಓದಿಸಿದ ದಿನವೆಲ್ಲ ಒಂದು ಸಾಲಿಗೆ ಒಂದು ತರಗತಿಯ ನಗು. ಹತ್ತು ವರ್ಷ ತುಂಬುವ ಹೊತ್ತಿಗೆ ಮಾತಿನ ಸಹವಾಸವೇ ಬೇಡ ಎಂದು ತೀರ್ಮಾನಿಸಿಬಿಟ್ಟಿದ್ದರು. ಕಸುಬೂ ಅದಕ್ಕೆ ಒಗ್ಗುವಂಥದ್ದೇ ಸಿಕ್ಕಿತು. ಲಿಫ್ಟ್ ಓಡಾಡುವ ಕತ್ತಲ ಕೊಳವೆಗೆ ಅವರ ಕಸುಬಿನವರು ಬಾವಿ ಅನ್ನುತ್ತಾರೆ. ಲಿಫ್ಟಿನ ನೆತ್ತಿ ಮೇಲೆ ಕೂತು ತಂತಿ ಹಗ್ಗಕ್ಕೆ ಗ್ರೀಸ್ ಹಚ್ಚುತ್ತಾ, ಬಾವಿಯ ತಳಕ್ಕಿಳಿದು ಕಸ ಗುಡಿಸುತ್ತಾ ದಿನ ಕಳೆಯುವವನ ಜೊತೆ ಮಾತಾಡಲು ಅಲ್ಲಿ ಯಾರೂ ಇರುವುದಿಲ್ಲ.

ಆದರೆ ನನಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಅದನ್ನು ಭಾವ ಎಲ್ಲ ಮುಗಿದ ಮೇಲೆ ಹೇಳಿದರು. ಬಾವಿಯೊಳಗೆ ಅವರು ಮಾತಾಡುತ್ತಿದ್ದರಂತೆ. ಜೋರಾಗಿ, ಒಂದಕ್ಷರ ತಡವರಿಸದೆ. ನಾವು ಹಿಂದಿನ ಸಂಜೆ ಬೆಂಚಿನ ಮೇಲೆ ಆಡಿದ ಒಂದೊಂದು ಮಾತಿಗೂ ಮಾರನೆಯ ದಿನ ಅಲ್ಲಿ ಕೂತು ಉತ್ತರ ಕೊಡುತ್ತಿದ್ದರಂತೆ. ಬರೀ ಆಟದ ವಿಷಯವಲ್ಲ. ಯಾರಿಗೆ ಏನೇನು ಹೇಳಬೇಕಿತ್ತೋ, ಹೇಳಲಾಗದೆ ಉಳಿದಿತ್ತೋ, ಅದೆಲ್ಲ. ಮೇಲಿಂದ ಕೆಳಗಿನವರೆಗೆ ದನಿ ಇಳಿದು ಹೋಗುತ್ತಿತ್ತು, ಸ್ವಲ್ಪ ಹೊತ್ತಿಗೆ ವಾಪಸು ಬರುತ್ತಿತ್ತು ಎಂದರು.

ಮೊದಲ ಪಂದ್ಯ ಬುಧವಾರ. ಸೋಮವಾರ ಸಂಜೆ ನಾವು ಎಂದಿನಂತೆ ಕೂತಿದ್ದೆವು. ಭಾವ ಬಂದರು, ನನ್ನ ಪಕ್ಕ ಕೂತರು. ಮೇಷ್ಟ್ರು ಏಳನೇ ನಂಬರನ್ನು ಹೊಗಳುತ್ತಿದ್ದರು. ಭಾವ ಅವರ ಮಾತು ಮುಗಿಯುವವರೆಗೆ ಕಾದು, ಬಾಯಿ ತೆರೆದರು.

“ಅವನ ಎಡ ಮಂಡಿ ಹೋಗಿದೆ ಮೇಷ್ಟ್ರೇ. ಮೆಟ್ಟಿಲು ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಎಡಗಾಲೇ ಮೊದಲು ಇಡ್ತಾನೆ, ಆಮೇಲೆ ಬಲಗಾಲು ತಂದು ಪಕ್ಕಕ್ಕೆ ಸೇರಿಸ್ತಾನೆ. ಮೂರನೇ ಕ್ವಾರ್ಟರ್‌ನಲ್ಲಿ ಏಳು ನಿಮಿಷ ಅವನನ್ನ ಕೂರಿಸಿದರೆ ಕೊನೆಗೆ ಕೈಗೆ ಸಿಗ್ತಾನೆ. ಕೂರಿಸ್ತಾರೆ. ನಾಲ್ಕು ಪಾಯಿಂಟಲ್ಲಿ ಗೆಲ್ತೀವಿ.”

ಟೈಲರ್ ಮಷಿನ್ ನಿಲ್ಲಿಸಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾನಂತೂ ಬಾಯಿ ಬಿಟ್ಟುಕೊಂಡು ಕೂತೆ. ಒಂದು ತೊದಲಿಲ್ಲ, ಒಂದು ತಡೆಯಿಲ್ಲ, ಕೈ ಆಡಿಸುತ್ತಾ ಮುಕ್ಕಾಲು ಗಂಟೆ ಮಾತಾಡಿದರು. ಬಂದರು ಟೀಮಿನ ಒಬ್ಬೊಬ್ಬ ಆಟಗಾರನನ್ನೂ ಬಿಡಿಸಿ ಬಿಡಿಸಿ ಇಟ್ಟರು. ತರಿಸಿಕೊಟ್ಟ ಟೀ ಕೈಯಲ್ಲೇ ತಣ್ಣಗಾಗಿ ಕೆನೆ ಕಟ್ಟಿತ್ತು. ಎದ್ದು ಹೋದ ಮೇಲೆ ಟೈಲರ್ ಹೇಳಿದ, “ಇಷ್ಟು ವರ್ಷ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದರಪ್ಪಾ?”

ಮಂಗಳವಾರ ಭಾವ ಬಂದಾಗ ಮೇಷ್ಟ್ರು ಎದ್ದು ಜಾಗ ಮಾಡಿಕೊಟ್ಟರು. ಭಾವನಿಗೆ ಅರ್ಥವಾಗಲಿಲ್ಲ.

“ನಿನ್ನೆ ಹೇಳಿದಿರಲ್ಲ ಏಳು ನಿಮಿಷ, ಅದನ್ನ ಸ್ವಲ್ಪ ಬಿಡಿಸಿ ಹೇಳಿ.”

“ನಿ… ನಿನ್ನೆ?” ಎಂದರು ಭಾವ.

ನಿನ್ನೆ ಸಂಜೆ ಅವರು ಆಸ್ಪತ್ರೆಯಲ್ಲಿದ್ದರು. ಎರಡು ಅಂತಸ್ತಿನ ನಡುವೆ ಸಿಕ್ಕಿಕೊಂಡ ಲಿಫ್ಟನ್ನು ಕೈಯಿಂದ ತಿರುಗಿಸಿ ಇಳಿಸಿ, ಬ್ರೇಕು ಬಿಚ್ಚಿ ಜೋಡಿಸುವಷ್ಟರಲ್ಲಿ ಎಂಟು ಗಂಟೆ. ಇದನ್ನು ಅವರು ಹೇಳಲು ಹೊರಟರು, ‘ಆಸ್ಪತ್ರೆ’ ಎಂಬ ಮಾತಿನ ಹತ್ತಿರ ನಾಲಿಗೆ ಕಟ್ಟಿತು, ನಾವು ಅಷ್ಟರಲ್ಲಿ ಬೇರೆ ಮಾತಿಗೆ ಹೋಗಿದ್ದೆವು. ತಮಾಷೆ ಮಾಡುತ್ತಿದ್ದೇವೆ ಎಂದುಕೊಂಡರಂತೆ ಮೊದಲು. ಆದರೆ ಏಳನೇ ನಂಬರಿನ ಮಂಡಿಯ ವಿಷಯ ನಮ್ಮ ಬಾಯಲ್ಲಿ ಕೇಳಿದಾಗ ಅದು ತಮಾಷೆಯಲ್ಲ ಎಂದು ಗೊತ್ತಾಯಿತು. ಆ ಹುಡುಗ ಇದ್ದ ಕಟ್ಟಡದ ಲಿಫ್ಟ್ ನೋಡಿಕೊಳ್ಳುತ್ತಿದ್ದವರು ಭಾವನೇ. ಲಿಫ್ಟ್ ಆಫ್ ಮಾಡಿದ್ದ ದಿನ ಅವನು ಮೆಟ್ಟಿಲಿಳಿಯುವುದನ್ನು ನೋಡಿದ್ದರು. ಅದನ್ನು ಯಾರಿಗೂ ಹೇಳಿರಲಿಲ್ಲ. ಸೋಮವಾರ ಆಸ್ಪತ್ರೆಯ ಬಾವಿಯಲ್ಲಿ ಒಬ್ಬರೇ ಕೂತು ಹೇಳಿಕೊಂಡಿದ್ದರು, ಅಷ್ಟೇ.

ಬುಧವಾರ ಮೂರನೇ ಕ್ವಾರ್ಟರ್ ಶುರುವಾಗುತ್ತಲೇ ಕೋಚ್ ಏಳನೇ ನಂಬರನ್ನು ಕೂರಿಸಿದ. ಮೇಷ್ಟ್ರು ವಾಚು ನೋಡಿಕೊಂಡರು. ಏಳು ನಿಮಿಷ. ನಾಲ್ಕು ಪಾಯಿಂಟಲ್ಲಿ ಗೆದ್ದೆವು. ಇಡೀ ಸ್ಟ್ಯಾಂಡ್ ಕುಣಿಯುತ್ತಿತ್ತು, ಟೈಲರ್ ಭಾವನನ್ನು ಅಪ್ಪಿಕೊಂಡು ಎತ್ತಿಬಿಟ್ಟ. ಭಾವ ಎತ್ತಿದ ಮೂಟೆಯ ಹಾಗೆ ಇದ್ದರು.

ಗುರುವಾರ ಅವರು ಊರಾಚೆಯ ಒಂದು ಗೋದಾಮಿನ ಸರಕು ಲಿಫ್ಟಿನ ಕೆಲಸಕ್ಕೆ ಹೋಗಿ, ದಿನವಿಡೀ ಬಾವಿಯಲ್ಲಿ ತುಟಿ ಬಿಚ್ಚಲಿಲ್ಲವಂತೆ. ಸ್ಪ್ಯಾನರ್ ಜಾರಿ ಕಾಲ ಮೇಲೆ ಬಿದ್ದಾಗಲೂ ಅಯ್ಯೋ ಅನ್ನಲಿಲ್ಲ. ಸಂಜೆ ಬೆಂಚಿಗೂ ಬರಲಿಲ್ಲ, ಕೆಲಸ ಮುಗಿದಿಲ್ಲ ಎಂಬ ನೆಪ ಮಾಡಿ ಅಲ್ಲೇ ಉಳಿದರು.

ಆದರೆ ಗುರುವಾರ ಐದೂವರೆಗೆ ನನ್ನ ಪಕ್ಕ ಬಂದು ಕೂತವರು ಯಾರು? ನಾನು ಕಣ್ಣಾರೆ ನೋಡಿದ್ದೇನೆ. ಅದೇ ಬೂದು ಅಂಗಿ, ಜೇಬಿನಲ್ಲಿ ಅದೇ ಟೆಸ್ಟರು. ಅವರ ಮೊಣಕೈ ನನ್ನ ಮೊಣಕೈಗೆ ತಗಲುತ್ತಿತ್ತು. “ನಾಳೆ ಸೋಲ್ತೀವಿ. ಹನ್ನೊಂದನೇ ನಂಬರ್ ಐದು ಫೌಲ್ ಮಾಡಿ ಆಚೆ ಬರ್ತಾನೆ, ಅಲ್ಲಿಗೆ ಮುಗೀತು. ಬೇಜಾರು ಮಾಡ್ಕೋಬೇಡಿ, ಭಾನುವಾರ ಇದೆಯಲ್ಲ,” ಎಂದರು. ಮಾತಾಡುತ್ತಾ ಆಡುತ್ತಿದ್ದ ಆ ಕೈಯನ್ನೇ ನೋಡುತ್ತಿದ್ದೆ. ಉಗುರುಗಳು ಸ್ವಚ್ಛವಾಗಿದ್ದವು. ನನ್ನ ಅಕ್ಕನ ಮದುವೆಯ ದಿನ ಕೂಡ ಭಾವನ ಉಗುರಿನ ಸಂದಿಯಲ್ಲಿ ಗ್ರೀಸ್ ಕಪ್ಪು ಹೋಗಿರಲಿಲ್ಲ, ನಾವು ಅದನ್ನೇ ಹಿಡಿದು ಎಷ್ಟು ರೇಗಿಸಿದ್ದೆವು. ಸೀಮೆಎಣ್ಣೆ ಹಾಕಿ ತಿಕ್ಕಿ ತೊಳೆದಿರಬೇಕು ಎಂದುಕೊಂಡು ಸುಮ್ಮನಾದೆ. ಮನಸ್ಸು ಹಾಗೇ. ಒಪ್ಪದ ಸಂಗತಿಗೆ ತಾನೇ ಒಂದು ಕಾರಣ ಹುಡುಕಿ ತೇಪೆ ಹಾಕಿಬಿಡುತ್ತದೆ.

ಶುಕ್ರವಾರ ಹನ್ನೊಂದನೇ ನಂಬರ್ ಐದು ಫೌಲ್ ಮಾಡಿ ತಲೆ ತಗ್ಗಿಸಿಕೊಂಡು ಆಚೆ ಬಂದ. ಸೋತೆವು. ಭಾವ ಅಂದು ಕ್ರೀಡಾಂಗಣಕ್ಕೆ ಬಂದಿರಲಿಲ್ಲ.

ಶನಿವಾರದ್ದನ್ನು ಎರಡು ಕಡೆಯಿಂದ ಹೇಳಬೇಕು.

ಭಾವನಿಗೆ ಆ ದಿನ ಟೈಲರ್ ಅಂಗಡಿಯ ಎದುರಿನ ಆರು ಅಂತಸ್ತಿನ ಕಟ್ಟಡದಲ್ಲಿ ಕೆಲಸ. ಬೇಕೆಂದೇ ಹಾಕಿಸಿಕೊಂಡಿದ್ದರು. ಮೇಲಿನ ಮಷಿನ್ ಕೋಣೆಯ ಕಿಟಕಿಯಿಂದ ನೋಡಿದರೆ ಅಂಗಡಿಯ ಒಳಗಿನ ಬೆಂಚು ಕಾಣುತ್ತದೆ. ಐದೂವರೆಗೆ ಬಿಸಿಲಿನ್ನೂ ಚೆನ್ನಾಗಿತ್ತು. ಟೈಲರ್ ಕಂಡ. ಮೇಷ್ಟ್ರು ಕಂಡರು. ನಾನು ಕಂಡೆ. ನನ್ನ ಪಕ್ಕ ಇನ್ನೊಬ್ಬ, ಬೆನ್ನು ಇತ್ತ ಮಾಡಿಕೊಂಡು ಕೂತು, ಕೈ ಆಡಿಸುತ್ತಿದ್ದ. “ನ… ನನ್ನ ಬೆನ್ನು ಹೇಗಿದೆ ಅಂತ ನಾನು ಯಾ… ಯಾವತ್ತೂ ನೋಡಿರಲಿಲ್ಲ ಕಣೋ,” ಎಂದರು ಭಾವ ನನಗೆ ಆಮೇಲೆ. “ಆದರೂ ಗುರುತು ಸಿಕ್ಕಿತು.” ಲಿಫ್ಟನ್ನು ಅವರೇ ಆಫ್ ಮಾಡಿದ್ದರು. ಆರು ಅಂತಸ್ತು ಮೆಟ್ಟಿಲಲ್ಲಿ ಓಡಿ ಇಳಿದರು.

ನನ್ನ ಕಡೆಯಿಂದ ಹೇಳುವುದಾದರೆ ಹೀಗೆ. ಭಾವ ಹೇಳುತ್ತಿದ್ದರು, “ನಾಳೆ ನಮ್ಮಲ್ಲಿ ಒಬ್ಬ ಆಡಲ್ಲ. ಯಾರು ಅಂತ ಹೇಳ್ತೀನಿ, ಕೇಳಿ.” ಅಷ್ಟರಲ್ಲಿ ಟೈಲರ್ ಕೈಯಿಂದ ಗುರುತು ಹಾಕುವ ಸೀಮೆಸುಣ್ಣ ಜಾರಿ ಬೆಂಚಿನ ಕೆಳಗೆ ಹೋಯಿತು. ನಾನು ಬಗ್ಗಿ ಎತ್ತಿದೆ. ತಲೆಯೆತ್ತಿದಾಗ ಭಾವ ಬಾಗಿಲಲ್ಲಿ ನಿಂತಿದ್ದರು, ಮೈಯೆಲ್ಲ ಬೆವರು, ಎದೆ ಏರಿಳಿಯುತ್ತಿತ್ತು.

“ಯಾವಾಗ ಎದ್ದು ಹೋದ್ರಿ ಭಾವ? ಮಾತು ಅರ್ಧಕ್ಕೇ ಬಿಟ್ರಲ್ಲ,” ಎಂದೆ.

ಅವರು ಒಳಗೆ ಬಂದರು. ನನ್ನ ಪಕ್ಕದ ಖಾಲಿ ಜಾಗದ ಮೇಲೆ ಅಂಗೈ ಇಟ್ಟು ನೋಡಿದರು. ಆಮೇಲೆ ಮೇಷ್ಟ್ರು ಕೂತಲ್ಲಿ, ಅವರನ್ನು ಏಳಿಸಿ, ಅಂಗೈ ಇಟ್ಟರು. ಬೆಂಚಿನ ತುದಿಯಲ್ಲಿ ಕೆನೆ ಕಟ್ಟಿದ ಟೀ ಇತ್ತು. ಭಾವನ ಕೈಯ ಉಗುರೆಲ್ಲ ಕಪ್ಪು ಕಪ್ಪು. ಗುರುವಾರ ಕಂಡ ಉಗುರು ನೆನಪಾಗಿ ನಾನು ಬೆಂಚಿನಿಂದ ಎದ್ದು ನಿಂತೆ. ಆಗಷ್ಟೇ ಯಾರೋ ಕೂತಿದ್ದ ಆ ಜಾಗ ತಣ್ಣಗಿತ್ತು ಎಂದು ಅವರು ಹೇಳಿದ್ದು ಆಮೇಲೆ. ಆಗ ನೇರ ಮನೆಗೆ ಹೋದರು.

ರಾತ್ರಿ ಅಕ್ಕ ಕೆಲಸ ಮುಗಿಸಿ ಬಂದ ಮೇಲೆ ಅವಳಿಗೆ ಎಲ್ಲವನ್ನೂ ಹೇಳಲು ಕೂತರು. ಅಕ್ಕ ಹಾಸ್ಟೆಲ್ ಒಂದರ ಅಡುಗೆಮನೆಯಲ್ಲಿ ಕೆಲಸ ಮಾಡುವವಳು, ಮಧ್ಯಾಹ್ನ ಮೂರರಿಂದ ಐದರವರೆಗೆ ಮನೆಗೆ ಬಂದು ಹೋಗುತ್ತಾಳೆ. ತಡವರಿಸುತ್ತಾ ತಡವರಿಸುತ್ತಾ ಭಾವ ಗುರುವಾರದವರೆಗೆ ಬಂದರು. ಗುರುವಾರ ಪೂರ್ತಿ ತಾವು ಊರಾಚೆ ಇದ್ದುದಾಗಿ ಹೇಳಿದರು.

ಅಕ್ಕ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. “ಗುರುವಾರ ನಾಲ್ಕು ಗಂಟೆಗೆ ಮನೆಗೆ ಬಂದಿದ್ರಿ.”

“ಇ… ಇಲ್ಲ.”

“ಬಂದಿದ್ರಿ. ಈ ಸ್ಟೂಲ್ ಮೇಲೆ ಕೂತ್ರಿ. ಅಮ್ಮನ ವಿಷಯ ಮಾತಾಡಿದ್ರಿ.”

ನಮ್ಮ ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಆವತ್ತು ಭಾವ ಓಡಾಡಿ ಎಲ್ಲ ಕೆಲಸ ಮಾಡಿದರು, ಆದರೆ ಅಕ್ಕನಿಗೆ ಒಂದೇ ಒಂದು ಮಾತು ಹೇಳಲಿಲ್ಲ. ಅತ್ತೆ ಹೋದರಲ್ಲ, ನಿನಗೆ ಎಷ್ಟು ಸಂಕಟವಾಯಿತೋ ಎಂದು ಕೂಡ ಅನ್ನಲಿಲ್ಲ. ಮಾರನೆಯ ದಿನ ಟೂಲ್ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಅದು ಅಕ್ಕನ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತುಬಿಟ್ಟಿತ್ತು. ಜಗಳವಿಲ್ಲ, ಏನಿಲ್ಲ, ಇಬ್ಬರ ನಡುವೆ ಒಂದು ಬಾಗಿಲು ಮುಚ್ಚಿಕೊಂಡ ಹಾಗೆ ಮೂರು ವರ್ಷ. ಆ ವಿಷಯವನ್ನು ಭಾವ ಬಾವಿಯಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದರಂತೆ.

“ಮೂರು ವರ್ಷದ ಮೇಲೆ ಅವತ್ತು ನನ್ನ ಎದೆ ಹಗುರಾಗಿತ್ತು ರೀ,” ಎಂದಳು ಅಕ್ಕ. “ಈಗ ಅದು ನಾನಲ್ಲ ಅಂತೀರಾ?”

ನಾನೇ ಅಂದರೆ ಸುಳ್ಳು, ನಾನಲ್ಲ ಅಂದರೆ ಅವಳ ಕೈಗೆ ಸಿಕ್ಕಿದ್ದನ್ನು ಕಿತ್ತುಕೊಂಡ ಹಾಗೆ. ಭಾವ ಎದ್ದು ಬಾಗಿಲ ಚಿಲಕ ಹಾಕಿದೆಯೇ ಎಂದು ಎರಡೆರಡು ಸಲ ನೋಡಿ ಬಂದರಂತೆ.

ಮೂರನೇ ಪಂದ್ಯ ಭಾನುವಾರ ಮಧ್ಯಾಹ್ನ ಮೂರಕ್ಕೆ. ಬೆಳಿಗ್ಗೆ ಟೈಲರ್ ಅಂಗಡಿಯ ಬಾಗಿಲೆತ್ತುವಾಗ ಭಾವ ಆಗಲೇ ಮೆಟ್ಟಿಲ ಮೇಲೆ ಕೂತಿದ್ದರಂತೆ. ಒಳಗೆ ಬಂದು ಬೆಂಚಿನ ಮೇಲೆ ತಮ್ಮ ಜಾಗ ಹಿಡಿದರು. ಹತ್ತು ಗಂಟೆಗೆ ನಾನೂ ಮೇಷ್ಟ್ರೂ ಹೋದೆವು. ನಾವು ಕೂರುವುದಕ್ಕೂ ಕಾಯದೆ ಅವರು ಶುರು ಮಾಡಿದರು.

“ನಾ… ನಾವು ಗೆಲ್ತೀವಿ. ಆ… ಆರು ಪಾಯಿಂಟಲ್ಲಿ. ಏ… ಏಳನೇ ನಂಬರ್ ಪೂರ್ತಿ ಆ… ಆಡಬೇಕು. ಮಂಡಿ ಹೋದರೆ ಹೋ… ಹೋಗಲಿ ಅಂತ ಅಲ್ಲ. ಅವನಿಗೂ ಆ… ಆಸೆ ಇರುತ್ತೆ.”

ಒಂದೊಂದು ಮಾತಿಗೂ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ನಾವು ಮುಖ ಮುಖ ನೋಡಿಕೊಂಡೆವು. ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ ಹೇಳಬೇಕಲ್ಲ: ನಮಗೆ ಹೆದರಿಕೆಯಾಗಿದ್ದು ಆಗ. ಮೇಷ್ಟ್ರು ಬೆಂಚಿನ ಮೇಲೆ ಒಂದು ಗೇಣು ಸರಿದು ಕೂತರು.

“ಯಾಕೆ ಒಂಥರಾ ಇದ್ದೀರಿ ಇವತ್ತು? ನೀವು ನೀವಾಗಿಲ್ಲ,” ಎಂದರು.

ಟೈಲರ್ ಕತ್ತರಿ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತಿದ್ದ. ಯಾರೋ ಬರುವುದಿದೆ, ಬಂದರೆ ಇದೆಲ್ಲ ಸರಿಹೋಗುತ್ತದೆ ಎನ್ನುವ ಹಾಗೆ. ನಾನೂ ನೋಡಿದೆ. ಭಾವನೂ ನಮ್ಮನ್ನು ಕಂಡು ಅತ್ತ ತಿರುಗಿ ನೋಡಿದರು. ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಅವರು ಮತ್ತೆ ನಮ್ಮ ಕಡೆ ತಿರುಗಿ, ಬಿಟ್ಟ ಜಾಗದಿಂದಲೇ ಮುಂದುವರಿಸಿದರು. ಕೇಳಲು ಕಷ್ಟವಾಗುತ್ತಿತ್ತು. ಆದರೂ ಅವರು ನಿಲ್ಲಿಸಲಿಲ್ಲ.

ಪಂದ್ಯಕ್ಕೆ ನಾಲ್ವರೂ ಒಟ್ಟಿಗೇ ಹೋದೆವು, ಪೂರ್ವದ ಸ್ಟ್ಯಾಂಡಿನಲ್ಲಿ ಒಂದೇ ಸಾಲಿನಲ್ಲಿ ಕೂತೆವು. ಆಟಗಾರರ ಹೆಸರು ಕೂಗಿದಾಗ ಏಳನೇ ನಂಬರ್ ಇರಲಿಲ್ಲ. ಬೆಳಿಗ್ಗೆ ಮನೆಯ ಮೆಟ್ಟಿಲಲ್ಲೇ ಮಂಡಿ ಹಿಡಿದುಕೊಂಡಿತ್ತಂತೆ. ಇಡೀ ಸ್ಟ್ಯಾಂಡ್ ಒಂದು ಸಲ ನಿಟ್ಟುಸಿರು ಬಿಟ್ಟಿತು. ನಾವು ಮೂವರೂ ಭಾವನ ಮುಖ ನೋಡಲಿಲ್ಲ.

ಆದರೂ ನಮ್ಮ ಹುಡುಗರು ಬಿಟ್ಟುಕೊಡಲಿಲ್ಲ. ಹನ್ನೊಂದನೇ ನಂಬರ್ ಆ ಬೆಟ್ಟದಂಥ ಸೆಂಟರ್‌ನ ಕೈಕೆಳಗಿಂದ ನುಸುಳಿ ನುಸುಳಿ ರಿಬೌಂಡ್ ಹಿಡಿದ. ಕೊನೆಯ ನಿಮಿಷಕ್ಕೆ ಸಮ ಸಮ. ಭಾವ ಎದ್ದು ನಿಂತು ಕೂಗುತ್ತಿದ್ದರು, ಅಕ್ಷರ ಒಡೆಯುತ್ತಿತ್ತು, ಪಕ್ಕದವರು ನಗುತ್ತಿದ್ದರು, ಅವರಿಗೆ ಪರಿವೆಯೇ ಇರಲಿಲ್ಲ. ಕೊನೆಯಲ್ಲಿ ಬಂದರಿನವರು ಎರಡು ಫ್ರೀ ಥ್ರೋ ಹಾಕಿದರು. ಎರಡು ಪಾಯಿಂಟಲ್ಲಿ ಸೋತೆವು.

ಜನ ಎದ್ದು ಬಾಗಿಲ ಕಡೆ ಹೊರಟರು. ಎದುರಿನ ಪಶ್ಚಿಮದ ಸ್ಟ್ಯಾಂಡ್ ಖಾಲಿಯಾಗುತ್ತಾ ಬಂತು. ಟೈಲರ್ ನನ್ನ ತೋಳು ಹಿಡಿದ. ಅವನು ತಮಾಷೆ ಮಾಡುವ ಆಸಾಮಿಯಲ್ಲ. ಗದ್ದ ಎತ್ತಿ ಎದುರಿಗೆ ತೋರಿಸಿದ.

ಖಾಲಿ ಕುರ್ಚಿಗಳ ನಡುವೆ ಒಬ್ಬನೇ ಒಬ್ಬ, ಬೂದು ಅಂಗಿಯವನು, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. ಭುಜ ಅಲುಗುತ್ತಿತ್ತು. ಅಳುತ್ತಿದ್ದ ಅನ್ನಿಸುತ್ತದೆ. ಭಾವ ನನ್ನ ಎಡಗಡೆ ನಿಂತಿದ್ದರು, ಅವರೂ ಅತ್ತಲೇ ನೋಡುತ್ತಿದ್ದರು. ಕ್ರೀಡಾಂಗಣದವರು ಆ ಕಡೆಯ ದೀಪ ಆರಿಸಿದರು.

“ನ… ನಡೀರಿ,” ಎಂದರು ಭಾವ. ದಾರಿಯುದ್ದಕ್ಕೂ ನಾವು ಕೋಚ್‌ನನ್ನು ಬೈದುಕೊಂಡು ಹೋದೆವು. ಬೇರೆ ಯಾವ ಮಾತನ್ನೂ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ಆಮೇಲೆ ಅವನು ಬರಲಿಲ್ಲ. ಬಂದನೆಂದು ಯಾರೂ ಹೇಳಿಲ್ಲ. ಭಾವ ಈಗಲೂ ಲಿಫ್ಟ್ ಕೆಲಸಕ್ಕೇ ಹೋಗುತ್ತಾರೆ. ಬಾವಿಯಲ್ಲಿ ಈಗ ರೇಡಿಯೋ ಹಾಕಿಕೊಳ್ಳುತ್ತಾರಂತೆ. ಬೆಂಚಿನ ಮೇಲೆ ಮಾತಾಡುತ್ತಾರೆ, ಒಂದು ವಾಕ್ಯಕ್ಕೆ ನಾವು ಒಂದು ಟೀ ಕುಡಿದು ಮುಗಿಸಬಹುದು, ಅವರು ಹೇಳಿದ್ದು ಹತ್ತರಲ್ಲಿ ಎಂಟು ತಪ್ಪಾಗುತ್ತದೆ. ಮೇಷ್ಟ್ರು ಅವರ ಜೊತೆ ಜೋರಾಗಿ ವಾದಿಸುತ್ತಾರೆ. ‘ಹೂಂ ಅಣ್ಣ’ ಎಂಬ ಹೆಸರು ಬಿದ್ದುಹೋಗಿದೆ.

ಪಂದ್ಯದ ಮಾರನೆಯ ದಿನ, ಸೋಮವಾರ, ಭಾವ ಕೆಲಸ ಬಿಟ್ಟು ನಾಲ್ಕು ಗಂಟೆಗೆ ಮನೆಗೆ ಹೋಗಿದ್ದರು. ಅದನ್ನು ಅಕ್ಕ ನನಗೆ ಹೇಳಿದಳು. ಅಡುಗೆಮನೆಯ ಸ್ಟೂಲ್ ಮೇಲೆ ಕೂತು, ಅಮ್ಮನ ವಿಷಯ ಹೇಳಬೇಕು ಅಂದರಂತೆ.

“ಹೇಳಿದ್ರಲ್ಲ ಆಗಲೇ,” ಅಂದಳಂತೆ ಅಕ್ಕ.

“ಇ… ಇನ್ನೊಂದು ಸಲ ಹೇಳ್ತೀನಿ.”

ಅರ್ಧ ಗಂಟೆಯ ಮಾತಿಗೆ ಎರಡು ಗಂಟೆ ಹಿಡಿಯಿತು. ಅಕ್ಕ ಹಾಸ್ಟೆಲ್‌ಗೆ ಹೋಗುವುದು ತಡವಾಗಿ ಬೈಸಿಕೊಂಡಳು. ಎಲ್ಲಿಯೂ ಅವರ ಮಾತನ್ನು ತಾನು ಮುಗಿಸಿಕೊಡಲಿಲ್ಲ, ಅವರು ಪದ ಹುಡುಕುವಾಗ ಕಾದೆ ಅಂದಳು. ಗುರುವಾರ ಕೇಳಿದ ಮಾತುಗಳೇ, ಹೆಚ್ಚು ಕಡಿಮೆ ಅದೇ ಕ್ರಮದಲ್ಲಿ.

“ಒಂದು ಮಾತು ಮಾತ್ರ ಬಿಟ್ರು ಕಣೋ,” ಅಂದಳು. “ಗುರುವಾರ ಬಂದೋರು ಕೊನೆಗೆ ಎದ್ದು ಹೋಗುವಾಗ ಒಂದು ಮಾತು ಹೇಳಿದ್ರು. ಅದು ಇವರ ಬಾಯಲ್ಲಿ ಬರಲಿಲ್ಲ. ಇವರಿಗೆ ಗೊತ್ತಿಲ್ಲ ಅನ್ಸುತ್ತೆ.”

“ಏನು ಮಾತು ಅಕ್ಕಾ?” ಎಂದು ಕೇಳಿದೆ.

ಅವಳು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಳು. ಭಾವ ಹೊರಗಿನ ಕೋಣೆಯಲ್ಲಿ ಮುಂದಿನ ಲೀಗಿನ ಪಟ್ಟಿ ನೋಡುತ್ತಾ ಕೂತಿದ್ದರು. ಅತ್ತ ಒಂದು ಸಲ ನೋಡಿ, ಬಾಗಿಲು ಮುಂದೆ ಮಾಡಿ, “ಅದು ನನಗಿರಲಿ ಬಿಡು,” ಅಂದಳು.